ಸಹಾಯ ಬೇಕು: ಡೊನೆಗಾಲ್ ಕಡೆಯ ಐರಿಷ್ ಕಲಿಯಲು ಏನಾದರೂ ಇದೆಯಾ?

ಎಲ್ಲರಿಗೂ ನಮಸ್ಕಾರ. ಐರ್ಲೆಂಡಿನ ಡೊನೆಗಾಲ್‌ನಲ್ಲಿದ್ದೇನೆ. ಒಂದು ಆ್ಯಪ್‌ನಲ್ಲಿ ಐರಿಷ್ ಕಲಿತು, ಗ್ವೀಡೋರ್ ಕಡೆಯ ಸಹೋದ್ಯೋಗಿಗೆ ಹೆಮ್ಮೆಯಿಂದ 'ಕನಸ್ ಅತಾ ತೂ' ಎಂದೆ. ಹೇಗಿದ್ದೀರಿ ಅಂತ ಅರ್ಥ. ಅವರು ನಕ್ಕರು. ಅದು ದಕ್ಷಿಣದ ಮನ್‌ಸ್ಟರ್ ಮಾತಂತೆ! ಇಲ್ಲಿ 'ಗಜೇ ಮರ್ ಅತಾ ತೂ' ಅನ್ನಬೇಕು. ಪಶ್ಚಿಮದ ಕೊನಾಕ್ಟ್‌ನಲ್ಲಿ ಇನ್ನೊಂದೇ ಥರ. ಧಾರವಾಡದಲ್ಲಿ ನಿಂತು ಮೈಸೂರು ಕನ್ನಡ ಮಾತಾಡಿದ ಹಾಗಾಯ್ತು, ಅಲ್ವಾ?

1958ರಲ್ಲಿ ಸರ್ಕಾರ ಹೊರತಂದ ಪ್ರಮಾಣಿತ ರೂಪ ಬರವಣಿಗೆಗೆ ಸರಿ. ಆದರೆ ಯಾವ ಊರಿನವರ ಮನೆಮಾತೂ ಪೂರ್ತಿ ಹಾಗಿಲ್ಲ. ನನಗೆ ಬೇಕಿರೋದು ಡೊನೆಗಾಲ್‌ನಲ್ಲಿ ಆಡುವ, ಉತ್ತರದ ಅಲ್ಸ್ಟರ್ ಮಾತು.

ಈಗ ಬಳಸ್ತಿರೋದು ಟ್ಯಾಂಗ್ಲನ್ ಎಂಬ ಆನ್‌ಲೈನ್ ನಿಘಂಟು. ಸಾಕಷ್ಟು ಪದಗಳನ್ನು ಈ ಮೂರು ಉಪಭಾಷೆಗಳಲ್ಲೂ ಕೇಳಬಹುದು, ಚೆನ್ನಾಗಿದೆ. ಆದರೆ ಬಿಡಿ ಪದ ಎಷ್ಟೂಂತ ಕೇಳೋದು? ಇಲ್ಲಿನ ಡೆರಿಬೆಗ್ ಸ್ಟುಡಿಯೋದಿಂದ ಬರುವ, ಐರಿಷ್ ಭಾಷೆಯ ರೇಡಿಯೊ ನ ಗೇಲ್ತಖ್ತಾ ಕಾರ್ಯಕ್ರಮಗಳನ್ನೂ ಹಾಕಿಕೊಳ್ತೇನೆ. ಅಬ್ಬಾ, ಆ ವೇಗ! ಹವಾಮಾನ ಬಿಟ್ಟರೆ ಏನೂ ಹಿಡಿಯಲ್ಲ.

ನಿಧಾನವಾಗಿ ಮಾತಾಡುವ, ಜೊತೆಗೆ ಬರಹವೂ ಇರುವ ಅಲ್ಸ್ಟರ್ ಧ್ವನಿಪಾಠ ಯಾರಿಗಾದರೂ ಗೊತ್ತಾ? ಗ್ಲೆನ್‌ಕೊಲಂಕಿಲ್‌ನ ಓಡಸ್ ಗೇಲ್ ತರಗತಿಗೆ ಹೋದವರಿದ್ದೀರಾ? ಹೊಸಬರಿಗೆ ಆಗುತ್ತಾ? ಆನ್‌ಲೈನಲ್ಲಿ ಮಾತಾಡಿಸುವ ಟೀಚರ್ ಸಿಕ್ಕರೆ ಇನ್ನೂ ಒಳ್ಳೇದು. ದುಡ್ಡು ಕೊಡಲು ರೆಡಿ. ವ್ಯಾಕರಣದ ಪುಸ್ತಕ ಮಾತ್ರ ದಯವಿಟ್ಟು ಬೇಡ, ಈಗಾಗಲೇ ಎರಡು ಧೂಳು ತಿನ್ನುತ್ತಿವೆ.