ಸಹಾಯ ಬೇಕು: ‘ಅತ್ತಿಮಬ್ಬೆ’ ಹೆಸರನ್ನು ಎಲ್ಲಿ ಬಿಡಿಸಬೇಕು?

ಹಳಗನ್ನಡ, ಶಾಸನ ಓದುವವರು ದಯವಿಟ್ಟು ನೋಡಿ. ಅಪರೂಪದ ಹೆಸರುಗಳ ಬಗ್ಗೆ ಟಿಪ್ಪಣಿ ಮಾಡ್ತಾ, 10ನೇ ಶತಮಾನದ ದಾನಿ ಅತ್ತಿಮಬ್ಬೆಯ ಈ ಹೆಸರಲ್ಲಿ ಸಿಕ್ಕಿಹಾಕ್ಕೊಂಡಿದ್ದೀನಿ.

ಕೊನೆಯ ‘ಅಬ್ಬೆ’ ಬಗ್ಗೆ ತಕರಾರಿಲ್ಲ. ಅಬ್ಬೆ ಅಂದ್ರೆ ತಾಯಿ, ಗೌರವಸೂಚಕ. ಪಂಪನ ತಾಯಿ ಅಬ್ಬಣಬ್ಬೆ, ರನ್ನನ ತಾಯಿ ಅಬ್ಬಲಬ್ಬೆ. 10ನೇ ಶತಮಾನಕ್ಕೆ ಇದು ಮಾಮೂಲಿ.

ತೊಡಕಿರೋದು ಮೊದಲ ಭಾಗದಲ್ಲಿ. ಅತ್ತಿಮರದ ‘ಅತ್ತಿ’ ಅಂತ ಹಿಡಿದರೆ, ಅತ್ತಿ + ಅಬ್ಬೆ ಯಕಾರಾಗಮವಾಗಿ (ನಡುವೆ ‘ಯ’ ಸೇರಿ) ‘ಅತ್ತಿಯಬ್ಬೆ’ ಆಗಬೇಕು. ನಾಗರಖಂಡ ಪ್ರಾಂತ್ಯ ಆಳಿದ ಜಕ್ಕಿಯಬ್ಬೆಯ ಹೆಸರು ಆಗಿರೋದು ಹಾಗೇ. ಇಲ್ಲಿ ಯಕಾರದ ಜಾಗದಲ್ಲಿ ‘ಮ’ ಕೂತಿದೆ. ಲಿಪಿಕಾರನ ಕೈತಪ್ಪು ಅನ್ನೋಣ ಅಂದ್ರೆ, ಅತ್ತಿಮಬ್ಬೆಯ ತಂಗಿ ಗುಂಡಮಬ್ಬೆಯ ಹೆಸರಲ್ಲೂ ಅದೇ ‘ಮ’! ಹಾಗಾದ್ರೆ ಬಿಡಿಸಬೇಕಾದ್ದು ‘ಅತ್ತಿಮ + ಅಬ್ಬೆ’, ‘ಗುಂಡಮ + ಅಬ್ಬೆ’ ಅಂತಲೇ? ನಿಘಂಟಿನ ‘ಅತ್ತಿ’ಯಿಂದ ಮರ ಸಿಗುತ್ತೆ, ‘ಮ’ ಸಿಗಲ್ಲ. ಮಕ್ಕಳ ಹೆಸರಿನ ಪಟ್ಟಿಗಳನ್ನಂತೂ ನಾನು ನಂಬಲ್ಲ.

ಈಗಿನ ಬಳಕೆ ಇನ್ನೊಂದು ತಲೆನೋವು. ಸರ್ಕಾರದ ದಾನಚಿಂತಾಮಣಿ ಅತ್ತಿಮಬ್ಬೆ ಪ್ರಶಸ್ತಿಯಿಂದ ಹೆಸರು ಎಲ್ಲರಿಗೂ ಗೊತ್ತು, ಆದರೆ ಇಟ್ಟುಕೊಂಡವರು ಕಾಣಲ್ಲ. ಮತದಾರರ ಪಟ್ಟಿಯಲ್ಲಿ ಹುಡುಕೋಣ ಅಂದ್ರೆ, ಅಲ್ಲಿ ಹೆಸರಿನ ಜೊತೆ ವಯಸ್ಸೂ ಇರುತ್ತೆ, ನಿಜ. ಆದರೆ ಅದು ಮತಗಟ್ಟೆವಾರು ಹರಿದು ಹಂಚಿಹೋಗಿರುತ್ತೆ, 18 ತುಂಬದವರು ಅದರಲ್ಲಿ ಇರೋದೇ ಇಲ್ಲ.

ನನಗೆ ಬೇಕಾದ್ದು ಇಷ್ಟು: ‘ಅತ್ತಿಮ’ ಅಥವಾ ‘ಅತ್ತಿಮಯ್ಯ’ ಅಂತ ಬಿಡಿ ಹೆಸರು ಯಾವುದಾದರೂ ಶಾಸನದಲ್ಲಿ ಇದೆಯಾ? ಇದ್ದರೆ ಶಾಸನದ ಊರು, ಸಂಪುಟ, ಸಂಖ್ಯೆ ತಿಳಿಸ್ತೀರಾ?