ದವಡೆಯೊಳಗಿನ ಕರೇಜ್

ಬೀದರಿನ ಚೌಬಾರಾದ ಹತ್ತಿರ ಇರುವ ಚಹಾದಂಗಡಿಯಲ್ಲಿ ಸಂಜೆ ನಾವು ನಾಲ್ವರು ಸೇರುವುದು ಹಳೆಯ ಪದ್ಧತಿ. ಅಂದು ನಾನು ಬಲಗೆನ್ನೆಯನ್ನು ಅಂಗೈಯಲ್ಲಿ ಹಿಡಿದುಕೊಂಡು ಚಹಾ ತಣ್ಣಗಾಗುವುದನ್ನೇ ಕಾಯುತ್ತ ಕುಳಿತಿದ್ದುದನ್ನು ಕಂಡು ಮೇಷ್ಟ್ರು, "ಮತ್ತೆ ಅದೇ ಹಲ್ಲೇನು?" ಎಂದರು. ಅದೇ ಹಲ್ಲು. ಎರಡು ವರ್ಷದ ಹಿಂದೆ ಬೇರಿನ ನಾಳಗಳನ್ನು ತೊಳೆದು ತುಂಬುವ ರೂಟ್ ಕೆನಾಲ್ ಮಾಡಿಸಿಕೊಂಡು, ಮೇಲಿನ ಕ್ಯಾಪಿಗೆ ದುಡ್ಡು ಏಕೆ ದಂಡ ಎಂದು ಹಾಗೇ ಬಿಟ್ಟು, ಕಡೆಗೊಂದು ದಿನ ಕಡಕ್ ರೊಟ್ಟಿಯ ತುಣುಕೊಂದಕ್ಕೆ ಅರ್ಧ ಗೋಡೆಯನ್ನು ಒಪ್ಪಿಸಿಬಿಟ್ಟಿದ್ದ ಮೇಲ್ದವಡೆಯ ಹಲ್ಲು.

"ಕಿತ್ತು ಬಿಸಾಡಿರಿ" ಎಂದರು ತೊಗರಿ ವ್ಯಾಪಾರದ ಸಾಹುಕಾರರು. "ನಾನು ಹನ್ನೊಂದು ಕೀಳಿಸಿದ್ದೇನೆ. ಅವುಗಳಲ್ಲಿ ಒಂದಾದರೂ ಮತ್ತೆ ನೋಯಲಿಲ್ಲ." ಈ ತರ್ಕಕ್ಕೆ ಯಾವ ವೈದ್ಯಶಾಸ್ತ್ರದಲ್ಲಿಯೂ ಉತ್ತರವಿರಲಾರದು.

ಹೊಸ ವೈದ್ಯರು ಹೇಳಿದ್ದನ್ನು ನಾನು ವಿವರಿಸಿದೆ. ಮೇಲಿನ ಮೊದಲ ದವಡೆಹಲ್ಲಿಗೆ ಸಾಮಾನ್ಯವಾಗಿ ಮೂರು ಬೇರು. ಆದರೆ ಕೆನ್ನೆಯ ಕಡೆಯ ಮುಂಬೇರಿನಲ್ಲಿ ಬಹಳಷ್ಟು ಸಲ ಎರಡು ನಾಳಗಳಿರುತ್ತವೆ. ಎರಡನೆಯದನ್ನು ದಂತವೈದ್ಯರು ಎಂಬಿ-ಟು ಎಂದು ಕರೆಯುತ್ತಾರೆ. ಮೊದಲ ಸಲ ಚಿಕಿತ್ಸೆ ಮಾಡಿದವರು ಮೂರು ನಾಳಗಳನ್ನು ತುಂಬಿ ನಾಲ್ಕನೆಯದನ್ನು ಕಾಣದೆ ಬಿಟ್ಟಿದ್ದರು. ಅದರೊಳಗೆ ಕೊಳೆ ಸುಖವಾಗಿ ಸಂಸಾರ ಹೂಡಿತ್ತು.

ಇದನ್ನು ಕೇಳಿದ್ದೇ ತಡ, ಮೇಷ್ಟ್ರ ಕಣ್ಣು ಹೊಳೆಯಿತು. ಅವರಿಗೆ ಯಾವ ವಿಷಯ ಸಿಕ್ಕರೂ ಅದನ್ನು ಬೀದರಿನ ಪಕ್ಕದ ನೌಬಾದಿನ ಕರೇಜಿಗೆ, ಅಂದರೆ ನೆಲದಡಿ ನೀರು ಹರಿಸುವ ಸುರಂಗಕ್ಕೆ, ತಂದು ಮುಟ್ಟಿಸುವ ಚಟವಿದೆ. ಅಂದು ಮಾತ್ರ ಅದು ಸಲ್ಲುವ ಮಾತಾಗಿತ್ತು. "ಬಹಮನಿಗಳ ಕಾಲದ ಆ ಸುರಂಗದ ಹೂಳೆತ್ತುವವನು ಮೊದಲು ಗಾಳಿಬಾವಿಗಳು ಎಲ್ಲೆಲ್ಲಿವೆ ಎಂದು ಗುರುತಿಸಬೇಕು. ಒಂದು ಕವಲನ್ನು ಮರೆತರೆ ಇಡೀ ನೀರು ಕೆಡುತ್ತದೆ" ಎಂದರು. ಸಾಧಾರಣ ಎಕ್ಸ್‌ರೇಯಲ್ಲಿ ಒಂದು ಬೇರಿನ ನೆರಳು ಇನ್ನೊಂದರ ಮೇಲೆ ಬೀಳುವುದರಿಂದ ಕವಲು ಅಡಗಿಕೊಳ್ಳುತ್ತದೆ. ಆದ್ದರಿಂದಲೇ ಈಗ ಸಿಬಿಸಿಟಿ ಎಂಬ ಮೂರು ಆಯಾಮದ ಎಕ್ಸ್‌ರೇ ಚಿತ್ರ ತೆಗೆದು, ಸೂಕ್ಷ್ಮದರ್ಶಕದ ಕೆಳಗೆ ಬಾಯನ್ನಿಟ್ಟು ಹುಡುಕುತ್ತಾರೆ.

ಬಿದ್ರಿ ಕೆಲಸದ ಗೆಳೆಯನಿಗೆ ಸುರಂಗಕ್ಕಿಂತ ಉಪಕರಣದ ಮೇಲೆ ಆಸಕ್ತಿ. ನಾಳದೊಳಗೆ ಮೊದಲು ಇಳಿಯುವ ಹತ್ತನೆಯ ನಂಬರಿನ ಫೈಲಿನ, ಅಂದರೆ ಸೂಜಿಯಂಥ ಅರದ, ತುದಿ 0.1 ಮಿಲಿಮೀಟರ್ ಎಂದೊಡನೆ ಅವನು ಚಹಾದ ಲೋಟವನ್ನು ಕೆಳಗಿಟ್ಟ. ಆಮೇಲೆ ನಾಳವನ್ನು ಹಿಗ್ಗಿಸುವ ನಿಕಲ್-ಟೈಟಾನಿಯಂ ಫೈಲು ಬೇರಿನ ತಿರುವಿನಲ್ಲಿ ಬಾಗಿ, ಹೊರಗೆ ಬಂದ ಮೇಲೆ ಮತ್ತೆ ನೇರವಾಗುತ್ತದೆ ಎಂಬುದನ್ನು ಅವನು ನಂಬಲೇ ಇಲ್ಲ. "ಬಾಗಿದ ಉಳಿ ತಾನಾಗಿ ನೆಟ್ಟಗಾಗುವುದಾದರೆ ನನ್ನ ಅರ್ಧ ಆಯುಷ್ಯ ಉಳಿಯುತ್ತಿತ್ತು" ಎಂದ.

ನಾಳಗಳನ್ನು ತೊಳೆಯುವುದು ಸೋಡಿಯಂ ಹೈಪೋಕ್ಲೋರೈಟಿನಿಂದ, ಅಂದರೆ ಬಟ್ಟೆ ಬಿಳುಪು ಮಾಡುವ ದ್ರಾವಣದ ಮೂಲವಸ್ತುವಿನಿಂದ. ಅದು ಗಂಟಲಿಗೆ ಇಳಿಯದಂತೆ ಹಲ್ಲಿನ ಸುತ್ತ ರಬ್ಬರಿನ ಹಾಳೆ ಬಿಗಿಯುತ್ತಾರೆ. ಹಾಳೆ ಬಿಗಿದ ಒಂದು ಗಂಟೆ ನಾನು ಮಾತನಾಡಲಾರೆನೆಂದು ತಿಳಿದು ಮೂವರೂ ಅದರ ಬೆಲೆ ವಿಚಾರಿಸಿದರು.

ಮೊದಲ ಚಿಕಿತ್ಸೆಯಲ್ಲಿ ಹಲ್ಲಿನ ತಳದಲ್ಲೊಂದು ರಂಧ್ರವೂ ಬಿದ್ದಿತ್ತು. ಅದನ್ನು ಮುಚ್ಚಲು ಎಂಟಿಎ ಎಂಬ ಪುಡಿಯನ್ನು ಬಳಸಿದರು. 1990ರ ದಶಕದಲ್ಲಿ ಅಮೆರಿಕದ ಲೋಮಾ ಲಿಂಡಾದಲ್ಲಿ ಮಹಮೂದ್ ತೊರಾಬಿನೆಜಾದ್ ಅವರು ರೂಪಿಸಿದ ಈ ಪುಡಿ ಪೋರ್ಟ್‌ಲೆಂಡ್ ಸಿಮೆಂಟಿನ ಸಂಬಂಧಿ, ಒದ್ದೆಯಲ್ಲಿಯೂ ಗಟ್ಟಿಯಾಗುತ್ತದೆ.

"ಸಿಮೆಂಟೇ!" ಎಂದು ಸಾಹುಕಾರರು ಮೇಜು ಬಡಿದರು. "ಅಮೆರಿಕಕ್ಕೆ ಏಕೆ ಹೋಗಬೇಕಿತ್ತು? ಸಿಮೆಂಟ್ ಕಾರ್ಖಾನೆಯ ಊರು ವಾಡಿಯಿಂದ ಒಂದು ಚೀಲ ತರಿಸಿದ್ದರೆ ನಿಮ್ಮ ಬಾಯಿಯಷ್ಟನ್ನೂ ತುಂಬಬಹುದಿತ್ತು."

ಇನ್ನು ತೊಳೆದ ನಾಳಗಳಿಗೆ ತುಂಬುವುದು ಗಟ್ಟಾ-ಪರ್ಚಾ, ಮಲಯ ಸೀಮೆಯ ಮರದ ಹಾಲು. 19ನೆಯ ಶತಮಾನದಲ್ಲಿ ಸಮುದ್ರದ ತಳದ ಟೆಲಿಗ್ರಾಫ್ ತಂತಿಗೆ ಹೊದಿಸಿದ್ದೂ ಅದನ್ನೇ ಎಂದೆ. ಹಾಗಾದರೆ ನಿಮ್ಮ ಹಲ್ಲು ತಾರು ಕಳಿಸಿದ್ದು ನಿಜವೇ, ನೀವು ಎರಡು ವರ್ಷ ಓದಲಿಲ್ಲ ಅಷ್ಟೇ ಎಂದು ಮೇಷ್ಟ್ರು ತೀರ್ಪಿತ್ತರು.

ಎಲ್ಲ ಹಲ್ಲೂ ಹೀಗೆ ಉಳಿಯುವುದಿಲ್ಲ ಎಂಬುದನ್ನೂ ಹೇಳಬೇಕು. ಬೇರು ಉದ್ದಕ್ಕೆ ಸೀಳಿದ್ದರೆ ಸಾಹುಕಾರರ ಮಾತೇ ಗತಿ. ಸೀಳದಿದ್ದರೂ, ಕ್ಯಾಪು ಹಿಡಿದು ನಿಲ್ಲಲು ವಸಡಿನ ಮೇಲೆ ಸುತ್ತಲೂ ಸುಮಾರು 2 ಮಿಲಿಮೀಟರಿನಷ್ಟು ಗಟ್ಟಿ ಹಲ್ಲು ಬೇಕು. ವೈದ್ಯರು ನನ್ನದನ್ನು ಅಳೆಯುವಾಗ ಹೊಲದ ಬದುವಿನ ಅಳತೆಗೆ ನಿಂತ ರೈತನಂತೆ ನಾನು ಉಸಿರು ಬಿಗಿಹಿಡಿದಿದ್ದೆ. ದಕ್ಕಿತು, ಕೂದಲೆಳೆಯಲ್ಲಿ.

ಕ್ಯಾಪಿನ ಮೇಲೆ ಬೆಳ್ಳಿಯ ಎಳೆ ಕೂರಿಸಿ ಕೊಡುತ್ತೇನೆ ಎಂದು ಬಿದ್ರಿ ಗೆಳೆಯ ಪಟ್ಟು ಹಿಡಿದಿದ್ದ. ನಾನು ಜಿರ್ಕೋನಿಯಾ ಎಂಬ ಪಿಂಗಾಣಿಯಂಥ ವಸ್ತುವಿನ ಬಿಳಿಯದನ್ನೇ ಹಾಕಿಸಿಕೊಂಡು ಬಂದೆ. ಅಂದು ಸಾಹುಕಾರರು ತಮ್ಮ ಖರ್ಚಿನಲ್ಲಿ ಹುರಿಗಡಲೆ ತರಿಸಿದರು. ನಾನು ಅಭ್ಯಾಸಬಲದಿಂದ ಎಡಕ್ಕೆ ಹಾಕಿ ಅಗಿಯತೊಡಗಿದಾಗ ಅವರು ಕೈ ಹಿಡಿದು ತಡೆದರು: "ಬಲಕ್ಕೆ ಹಾಕಿರಿ ಮಾರಾಯರೇ, ದುಡ್ಡು ಸುರಿದದ್ದು ಆ ಕಡೆಗೆ."