ಜನರ ಮೆಚ್ಚುಗೆ ಸಿಗದಿದ್ದರೆ ಮನಸ್ಸು ಕುಗ್ಗುತ್ತದೆ. ವಿಶ್ವಾಸ ಇಲ್ಲಿ ಹೇಗೆ ನೆರವಾಗುತ್ತದೆ?

ಪ್ರಶ್ನೆ

ಎಲ್ಲರಿಗೂ ವಂದನೆಗಳು. ನಾನು ಕ್ರೈಸ್ತ ವಿಶ್ವಾಸದಲ್ಲಿಯೇ ಬೆಳೆದವಳು. ಸಭೆಯ ಕೆಲಸಗಳಲ್ಲಿಯೂ ತೊಡಗಿಸಿಕೊಂಡಿದ್ದೇನೆ. ಆದರೂ ನಾಲ್ಕು ಜನ ಒಳ್ಳೆಯ ಮಾತಾಡಿದ ದಿನ ನನಗೂ ಒಂದು ಬೆಲೆಯಿದೆ ಎನಿಸುತ್ತದೆ, ಯಾರೂ ಏನೂ ಹೇಳದ ದಿನ ನಾನು ಯಾವುದಕ್ಕೂ ಬಾರದವಳು ಎನಿಸುತ್ತದೆ. ಉದ್ಯೋಗದಲ್ಲಿ ಹೀಗಾದರೆ ಹೇಗೋ ಸಹಿಸಿಕೊಳ್ಳಬಹುದು. ಆದರೆ ಪ್ರಾರ್ಥನಾ ಕೂಟದಲ್ಲಿ ಎಲ್ಲರ ಪರವಾಗಿ ಪ್ರಾರ್ಥಿಸುವಾಗಲೂ ಅರ್ಧ ಮನಸ್ಸು ಕೇಳುತ್ತಿರುವವರ ಮೇಲೆಯೇ ಇರುತ್ತದೆ; ಕೊನೆಯಲ್ಲಿ ಅವರು ಹೇಳುವ ‘ಆಮೆನ್’ ಎಷ್ಟು ಗಟ್ಟಿಯಾಗಿತ್ತು ಎಂಬುದನ್ನು ಕಿವಿ ಅಳೆಯುತ್ತಿರುತ್ತದೆ. ‘ನೀನು ದೇವರ ಮಗಳು, ಜನರ ಮಾತನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ’ ಎಂದು ಹಿರಿಯರು ಹೇಳುತ್ತಾರೆ. ಅದನ್ನು ನಾನು ಅಲ್ಲಗಳೆಯುವುದಿಲ್ಲ, ಆದರೆ ಆ ಮಾತು ನನ್ನಲ್ಲಿ ಬಾಯಿಪಾಠವಾಗಿಯೇ ಉಳಿದುಬಿಟ್ಟಿದೆ. ಈ ದಾರಿಯಲ್ಲಿ ನಡೆದು ಬಂದವರು ದಯವಿಟ್ಟು ತಿಳಿಸಿಕೊಡಿ.

ಮೊದಲ ಉತ್ತರ

ಸಹೋದರಿ, ಈ ಬಾಧೆ ನಿಮ್ಮೊಬ್ಬರದಲ್ಲ. ಯೋಹಾನನ ಸುವಾರ್ತೆಯ 12ನೆಯ ಅಧ್ಯಾಯದಲ್ಲಿ ಯೇಸುವನ್ನು ನಂಬಿದ ಅಧಿಕಾರಿಗಳ ಪ್ರಸ್ತಾಪ ಬರುತ್ತದೆ. ಅವರು ನಂಬಿದ್ದರು, ಆದರೆ ಫರಿಸಾಯರು (ಧರ್ಮಶಾಸ್ತ್ರವನ್ನು ಕಟ್ಟುನಿಟ್ಟಾಗಿ ಪಾಲಿಸುತ್ತಿದ್ದ ಯೆಹೂದಿ ಪಂಥದವರು) ತಮ್ಮನ್ನು ಸಭಾಮಂದಿರದಿಂದ ಹೊರಗೆ ಹಾಕಿಯಾರು ಎಂಬ ಅಂಜಿಕೆಯಿಂದ ಬಾಯಿ ಬಿಡಲಿಲ್ಲ. ದೇವರಿಂದ ಬರುವ ಮಾನಕ್ಕಿಂತ ಮನುಷ್ಯರಿಂದ ಬರುವ ಮಾನವೇ ಅವರಿಗೆ ಹೆಚ್ಚು ಪ್ರಿಯವಾಗಿತ್ತು ಎಂದು ಸುವಾರ್ತೆ ಮುಚ್ಚುಮರೆಯಿಲ್ಲದೆ ಹೇಳುತ್ತದೆ. ವಿಶ್ವಾಸವೂ ಮೆಚ್ಚುಗೆಯ ಹಸಿವೂ ಒಂದೇ ಎದೆಯಲ್ಲಿ ಇರಬಲ್ಲವು ಎಂಬುದನ್ನು ಮೊದಲು ಒಪ್ಪಿಕೊಂಡರೆ, ‘ನನ್ನ ವಿಶ್ವಾಸವೇ ಸುಳ್ಳೇನೋ’ ಎಂಬ ಇನ್ನೊಂದು ಹೊರೆ ನಿಮ್ಮ ಮೇಲೆ ಬೀಳುವುದಿಲ್ಲ.

ಇನ್ನು ನನಗೆ ಹೆಚ್ಚು ನೆರವಾದ ವಾಕ್ಯಭಾಗ ಅಪೊಸ್ತಲನಾದ (ಕ್ರಿಸ್ತನ ಸುವಾರ್ತೆ ಸಾರಲು ಕಳುಹಿಸಲ್ಪಟ್ಟವನಾದ) ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ 4ನೆಯ ಅಧ್ಯಾಯದ ಆರಂಭದಲ್ಲಿದೆ. ಕೊರಿಂಥದ ಸಭೆಯಲ್ಲಿ ಕೆಲವರು ಪೌಲನ ಪಕ್ಷ, ಕೆಲವರು ಅಪೊಲ್ಲೋಸನೆಂಬ ಬೋಧಕನ ಪಕ್ಷ, ಕೆಲವರು ಕೇಫನ (ಅಂದರೆ ಪೇತ್ರನ) ಪಕ್ಷ ಎಂದು ಒಡೆದುಹೋಗಿದ್ದರು. ಯಾರು ದೊಡ್ಡವರು ಎಂಬ ತೂಕ ಹಾಕುವಿಕೆ ತನ್ನ ಬೆನ್ನ ಹಿಂದೆಯೇ ನಡೆಯುತ್ತಿರುವಾಗ ಪೌಲನು, ನಿಮ್ಮ ವಿಚಾರಣೆ ನನಗೆ ತೀರ ಸಣ್ಣ ಸಂಗತಿ ಎನ್ನುತ್ತಾನೆ. ಇಷ್ಟಕ್ಕೇ ನಿಲ್ಲಿಸಿದ್ದರೆ ಅದು ಯಾವ ಗಟ್ಟಿ ಸ್ವಭಾವದವನಾದರೂ ಆಡಬಹುದಾದ ಮಾತಾಗುತ್ತಿತ್ತು. ಆದರೆ ಅವನು ಮುಂದುವರಿದು, ನನ್ನನ್ನು ನಾನೇ ವಿಚಾರಿಸಿಕೊಳ್ಳುವುದೂ ಇಲ್ಲ, ನನ್ನ ಮನಸ್ಸಾಕ್ಷಿಯಲ್ಲಿ ದೋಷ ಕಾಣದಿದ್ದ ಮಾತ್ರಕ್ಕೆ ನಾನು ನಿರ್ದೋಷಿಯಾಗುವುದಿಲ್ಲ, ನನ್ನನ್ನು ವಿಚಾರಿಸುವಾತನು ಕರ್ತನೇ ಎನ್ನುತ್ತಾನೆ. ಜನರ ಕೈಯಲ್ಲಿದ್ದ ತೀರ್ಪನ್ನು ಕಸಿದು ತನ್ನ ಕೈಗೆ ತೆಗೆದುಕೊಳ್ಳಲು ಪೌಲನು ಯತ್ನಿಸುವುದಿಲ್ಲ. ಅದು ಇರಬೇಕಾದವನ ಬಳಿ ಇದೆ ಎಂದು ನೆಮ್ಮದಿಯಾಗಿರುತ್ತಾನೆ. ‘ನನಗೆ ನಾನೇ ಸಾಕು’ ಎಂದು ಈಗ ಎಲ್ಲೆಡೆ ಕೇಳಿಬರುವ ಬೋಧನೆಗೂ ಇದಕ್ಕೂ ಬಹಳ ದೂರ. ನಮಗೆ ನಾವೇ ಬೆಲೆ ಕಟ್ಟಿಕೊಳ್ಳಬೇಕಾದರೆ, ಮನಸ್ಸು ಸರಿಯಿಲ್ಲದ ದಿನ ಆ ಬೆಲೆಯನ್ನು ಕಟ್ಟುವವರು ಯಾರು?

ಎರಡನೆಯ ಉತ್ತರ

ಮೇಲಿನವರ ಮಾತಿಗೆ ಒಂದು ಎಚ್ಚರಿಕೆಯನ್ನು ಸೇರಿಸಬಯಸುತ್ತೇನೆ. ಜನರ ಮೆಚ್ಚುಗೆಯನ್ನು ಬಿಟ್ಟು ದೇವರ ಮೆಚ್ಚುಗೆಯನ್ನು ಗಳಿಸಲು ಹೊರಟವರು ಅನೇಕರಿದ್ದಾರೆ. ಅವರ ಪಾಲಿಗೆ ಪರೀಕ್ಷಕ ಬದಲಾಗುತ್ತಾನೆಯೇ ಹೊರತು ಪರೀಕ್ಷೆಯ ಭಯ ಹೋಗುವುದಿಲ್ಲ. ಈ ಪರೀಕ್ಷಕನಿಗೆ ಒಳಗಿನದೂ ಕಾಣುವುದರಿಂದ ಭಯ ಇಮ್ಮಡಿಯೇ ಆಗುತ್ತದೆ. ಮತ್ತಾಯನ ಸುವಾರ್ತೆಯ 3ನೆಯ ಅಧ್ಯಾಯವನ್ನು ನಿಧಾನವಾಗಿ ಓದಿ. ಯೇಸು ಯೊರ್ದನ್ ಹೊಳೆಯಲ್ಲಿ ದೀಕ್ಷಾಸ್ನಾನ ಮಾಡಿಸಿಕೊಂಡು ಮೇಲಕ್ಕೆ ಬಂದಾಗ, ‘ಈತನು ಪ್ರಿಯನಾಗಿರುವ ನನ್ನ ಮಗನು, ಈತನನ್ನು ನಾನು ಮೆಚ್ಚಿದ್ದೇನೆ’ ಎಂಬ ವಾಣಿಯಾಗುತ್ತದೆ. ಆ ಹೊತ್ತಿಗೆ ಆತನು ಬೋಧನೆಯನ್ನು ಆರಂಭಿಸಿರಲಿಲ್ಲ, ಶಿಷ್ಯರನ್ನು ಕರೆದಿರಲಿಲ್ಲ, ಒಬ್ಬ ರೋಗಿಯನ್ನು ವಾಸಿಮಾಡಿದ ಸಂಗತಿಯೂ ಆ ಸುವಾರ್ತೆಯಲ್ಲಿ ಇನ್ನೂ ಬಂದಿರುವುದಿಲ್ಲ. ಮೆಚ್ಚುಗೆ ಮೊದಲು ಬಂತು, ಕೆಲಸ ಅನಂತರ ಬಂತು. ಕ್ರಿಸ್ತನಲ್ಲಿರುವವರಿಗೂ ಇದೇ ಕ್ರಮ ಎಂಬುದು ಸುವಾರ್ತೆಯ ತಿರುಳು. ನಾವು ಇನ್ನೂ ಪಾಪಿಗಳಾಗಿದ್ದಾಗಲೇ ಕ್ರಿಸ್ತನು ನಮಗಾಗಿ ಪ್ರಾಣಕೊಟ್ಟನು ಎಂದು ರೋಮಾಪುರದವರಿಗೆ ಬರೆದ ಪತ್ರಿಕೆ (5:8) ಹೇಳುವುದೂ ಇದನ್ನೇ.

ಜರ್ಮನಿಯ ಧರ್ಮಸುಧಾರಕ ಮಾರ್ಟಿನ್ ಲೂಥರ್ 1518ರಲ್ಲಿ ಹೈಡೆಲ್‌ಬರ್ಗಿನಲ್ಲಿ ಮಂಡಿಸಿದ ದೇವತಾಶಾಸ್ತ್ರದ ಪ್ರತಿಪಾದನೆಗಳಲ್ಲಿ ಕೊನೆಯದಾದ 28ನೆಯದು ಈ ಮಾತಿಗೆ ಸಂಬಂಧಿಸಿದ್ದು. ಮನುಷ್ಯನ ಪ್ರೀತಿ ತನಗೆ ಹಿತವಾದುದನ್ನು ಕಂಡ ಮೇಲೆ ಹುಟ್ಟುತ್ತದೆ. ದೇವರ ಪ್ರೀತಿಯಾದರೋ ಹಿತವಾದುದನ್ನು ಹುಡುಕುವುದಿಲ್ಲ, ಅದನ್ನು ಉಂಟುಮಾಡುತ್ತದೆ ಎಂಬುದು ಅದರ ಸಾರಾಂಶ. ‘ನನ್ನಲ್ಲಿ ದೇವರು ಮೆಚ್ಚುವಂಥದ್ದು ಏನಿದೆ’ ಎಂದು ತಮ್ಮೊಳಗೆ ತಡಕಾಡಿ ದಣಿದವರಿಗೆ ಇದು ದೊಡ್ಡ ಬಿಡುಗಡೆ.

ಮೂರನೆಯ ಉತ್ತರ

ಇಬ್ಬರೂ ಹೇಳಿದ್ದನ್ನು ಒಪ್ಪುತ್ತೇನೆ. ಆದರೆ ಜನರ ಮಾತು ತಾಗಲೇಬಾರದು ಎಂಬಂತೆ ಚರ್ಚೆ ಸಾಗುವುದು ನನಗೆ ಸರಿಕಾಣುವುದಿಲ್ಲ. ಅದೇ ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯ 16ನೆಯ ಅಧ್ಯಾಯದಲ್ಲಿ ಫೊಯಿಬೆ, ಪ್ರಿಸ್ಕ, ಅಕ್ವಿಲ, ಮರಿಯಳು ಎಂದು ಹೆಸರು ಹಿಡಿದು ಒಬ್ಬೊಬ್ಬರ ದುಡಿಮೆಯನ್ನು ನೆನೆಯುತ್ತಾನೆ. ಹೊಗಳಿಕೆಯೇ ಕೆಟ್ಟದ್ದಾಗಿದ್ದರೆ ಆ ಪುಟವನ್ನು ಅವನು ಬರೆಯುತ್ತಿರಲಿಲ್ಲ. ಒಬ್ಬರು ಮೆಚ್ಚಿದರೆ ಸಂತೋಷಪಡಿ, ದೇವರಿಗೆ ಸ್ತೋತ್ರ ಹೇಳಿ. ಮೆಚ್ಚುಗೆ ಬಂದರೆ ಸಂತೋಷ, ಬಾರದಿದ್ದರೂ ನಾನು ಇದ್ದಂತೆಯೇ ಇದ್ದೇನೆ ಎನ್ನುವಂತಾದರೆ ಅಷ್ಟು ಸಾಕು. ಈ ಕುಗ್ಗುವಿಕೆ ನಿದ್ರೆಯನ್ನೂ ಊಟವನ್ನೂ ಕೆಡಿಸುವಷ್ಟಿದ್ದರೆ ಆಪ್ತಸಮಾಲೋಚಕರನ್ನು ಕಾಣಲು ಸಂಕೋಚಪಡಬೇಡಿ. ಅದು ವಿಶ್ವಾಸದ ಕೊರತೆಯಲ್ಲ.

ಪ್ರಶ್ನೆ ಕೇಳಿದವರು

ಮೂವರಿಗೂ ಕೃತಜ್ಞತೆಗಳು. ‘ಪರೀಕ್ಷಕ ಬದಲಾದ’ ಮಾತು ನನ್ನನ್ನೇ ನೋಡಿ ಬರೆದಂತಿದೆ. ಇನ್ನೊಂದು ಸಂದೇಹವಿದೆ. ನನ್ನ ಬಗ್ಗೆ ಬಂದ ಟೀಕೆ ನಿಜವೇ ಆಗಿದ್ದರೆ, ಆಗ ‘ದೇವರು ನನ್ನನ್ನು ಪ್ರೀತಿಸುತ್ತಾನೆ’ ಎಂದುಕೊಳ್ಳುವುದು ನುಣುಚಿಕೊಳ್ಳುವ ನೆಪವಾಗುವುದಿಲ್ಲವೇ?

ಎರಡನೆಯ ಉತ್ತರ ಬರೆದವರು

ನೆಪವಾಗಲೂಬಹುದು, ನಿಮ್ಮ ಸಂದೇಹ ನ್ಯಾಯವಾದದ್ದೇ. ಗಲಾತ್ಯದವರಿಗೆ ಬರೆದ ಪತ್ರಿಕೆಯ 2ನೆಯ ಅಧ್ಯಾಯವನ್ನು ನೋಡಿ. ಅಂತಿಯೋಕ್ಯದಲ್ಲಿ ಪೇತ್ರನು ಅನ್ಯಜನರ (ಯೆಹೂದ್ಯರಲ್ಲದವರ) ಜೊತೆ ಕೂತು ಊಟ ಮಾಡುತ್ತಿದ್ದವನು, ಯೆರೂಸಲೇಮಿನ ಸಭೆಯ ಮುಖಂಡನಾದ ಯಾಕೋಬನ ಕಡೆಯ ಯೆಹೂದಿ ವಿಶ್ವಾಸಿಗಳು ಬಂದ ಮೇಲೆ ಅವರಿಗೆ ಹೆದರಿ ಮೆಲ್ಲನೆ ಹಿಂದೆ ಸರಿದನು. ಅಪೊಸ್ತಲನನ್ನೂ ಬಿಡದ ರೋಗವಿದು. ಪೌಲನು ಎಲ್ಲರ ಮುಂದೆಯೇ ಅವನನ್ನು ತಿದ್ದಿದನು, ಆದರೆ ‘ನೀನು ಅಪೊಸ್ತಲನೇ ಅಲ್ಲ’ ಎನ್ನಲಿಲ್ಲ. ಮನುಷ್ಯನು ನೀತಿವಂತನೆನಿಸಿಕೊಳ್ಳುವುದು ಕ್ರಿಸ್ತನಲ್ಲಿಡುವ ನಂಬಿಕೆಯಿಂದ ಎಂಬುದನ್ನೇ ನೆನಪಿಸಿದನು. ತಪ್ಪನ್ನು ಒಪ್ಪಿಕೊಂಡರೆ ತನ್ನ ಬೆಲೆಯೇ ಹೋಗುತ್ತದೆ ಎಂದು ಹೆದರುವವನು ವಾದಿಸುತ್ತಲೇ ಇರುತ್ತಾನೆ. ಆ ಹೆದರಿಕೆ ಇಲ್ಲದವನು ಟೀಕೆಯನ್ನು ಕೂತು ಕೇಳಬಲ್ಲನು.

ಅಭ್ಯಾಸಕ್ಕೆಂದು ಒಂದನ್ನು ಮಾಡಿ ನೋಡಿ. ಮತ್ತಾಯನ ಸುವಾರ್ತೆಯ 6ನೆಯ ಅಧ್ಯಾಯದಲ್ಲಿ ಯೇಸು ಹೇಳಿದಂತೆ, ಯಾರಿಗೂ ತಿಳಿಯದ ಹಾಗೆ ಒಬ್ಬರಿಗೆ ಉಪಕಾರ ಮಾಡಿ, ಅದನ್ನು ಆಪ್ತರ ಬಳಿಯೂ ಬಾಯಿ ಬಿಡಬೇಡಿ. ಮೊದಮೊದಲು ಹೇಳಿಬಿಡೋಣ ಎಂದು ನಾಲಿಗೆ ತುರಿಸುತ್ತದೆ. ಕೂಟದಲ್ಲಿ ಪ್ರಾರ್ಥಿಸುವ ಮುನ್ನ ಅದೇ ವಿಷಯಕ್ಕಾಗಿ ಮನೆಯಲ್ಲಿ ಬಾಗಿಲು ಮುಚ್ಚಿಕೊಂಡು ಒಮ್ಮೆ ಪ್ರಾರ್ಥಿಸಿ ಬನ್ನಿ. ಕೂಟದಲ್ಲಿ ಹೇಳುವ ಮಾತುಗಳು ಕಡಿಮೆಯಾದರೆ ಆಗಲಿ ಬಿಡಿ.